ಒಂದೇ ಕಥೆಗೆ ಎರಡು ಕೊನೆ: ಯಾವ ಅನಿಮೆಯಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು?

ಅನಿಮೆ, ಅಂದರೆ ಜಪಾನಿನ ಅನಿಮೇಷನ್, ನೋಡುವವರ ನಡುವೆ ಎಂದೂ ಮುಗಿಯದ ಒಂದು ಜಗಳವಿದೆ. "ಸರಣಿ ಸೂಪರ್, ಕೊನೆಯಲ್ಲಿ ಕೆಡಿಸಿಬಿಟ್ಟರು" ಅನ್ನುವ ಜಗಳ. ಅದು ಸಾಲದು ಎಂಬಂತೆ, ಹೆಸರು ಮಾಡಿದ ಎಷ್ಟೋ ಕಥೆಗಳಿಗೆ ಎರಡೆರಡು ಕೊನೆಗಳಿವೆ. ಟಿವಿಯಲ್ಲಿ ಒಂದು ರೀತಿ ಮುಗಿದರೆ ಸಿನಿಮಾದಲ್ಲಿ ಇನ್ನೊಂದು ರೀತಿ. ಮಾಂಗಾದಲ್ಲಿ, ಅಂದರೆ ಜಪಾನಿ ಕಾಮಿಕ್ಸ್‌ನಲ್ಲಿ, ಒಂದು, ಅನಿಮೆಯಲ್ಲಿ ಬೇರೆ. ಹೊಸದಾಗಿ ನೋಡಲು ಕೂತವರಿಗೆ ತಲೆಬಿಸಿ: ಯಾವುದನ್ನು ನೋಡಬೇಕು? ಎರಡನ್ನೂ ನೋಡಲೇಬೇಕಾ? ಯಾವುದು ಮೊದಲು?

ನನಗೆ ತೋಚಿದ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ. ಮಾತು ಕೊನೆಗಳ ಬಗ್ಗೆಯೇ ಆದ್ದರಿಂದ ಸ್ಪಾಯ್ಲರ್ (ಕಥೆಯ ಗುಟ್ಟು ಬಿಟ್ಟುಕೊಡುವ ಮಾತು) ಇಲ್ಲದೆ ಬರೆಯಲು ಆಗುವುದಿಲ್ಲ. ಆದರೆ ಒಂದು ಅನುಕೂಲ ಮಾಡಿದ್ದೇನೆ. ಪ್ರತಿ ಸರಣಿಯ ಮೊದಲ ಪ್ಯಾರಾದಲ್ಲಿ ಬರೀ ಸಲಹೆ ಇದೆ, ಗುಟ್ಟು ಇಲ್ಲ. ನೀವು ನೋಡದ ಸರಣಿಯಾದರೆ ಅದನ್ನಷ್ಟೇ ಓದಿ ಮುಂದಿನ ತಲೆಬರಹಕ್ಕೆ ಹಾರಿ.

ಎರಡು ಕೊನೆ ಯಾಕೆ ಹುಟ್ಟುತ್ತವೆ ಅಂತ ಮೊದಲು ಹೇಳಿಬಿಡುತ್ತೇನೆ. ಜಪಾನಿನಲ್ಲಿ ಅನಿಮೆಗೆ ಬಹಳ ಸಲ ಮಾಂಗಾವೇ ಮೂಲ. ಮಾಂಗಾ ವಾರಕ್ಕೋ ತಿಂಗಳಿಗೋ ಒಂದು ಅಧ್ಯಾಯದಂತೆ ಪತ್ರಿಕೆಯಲ್ಲಿ ಬರುತ್ತಿರುತ್ತದೆ. ಟಿವಿಯಾದರೋ ಒಂದೇ ಎಪಿಸೋಡ್‌ನಲ್ಲಿ ಎರಡು ಮೂರು ಅಧ್ಯಾಯ ನುಂಗಿಬಿಡುತ್ತದೆ. ಸ್ವಲ್ಪ ದಿನಕ್ಕೆ ಅನಿಮೆ ಬಂದು ಮಾಂಗಾವನ್ನು ಮುಟ್ಟುತ್ತದೆ. ಆಗ ಇರುವ ದಾರಿ ಮೂರು: ನಿಲ್ಲಿಸಿ ಕಾಯುವುದು, ಸುಮ್ನೆ ಎಳೆಯುವುದು, ಇಲ್ಲವೇ ತಾವೇ ಒಂದು ಕೊನೆ ಬರೆದುಕೊಳ್ಳುವುದು. 'ನರೂಟೊ' ಎಳೆಯುವ ದಾರಿ ಹಿಡಿಯಿತು. ಅದರ 220 ಎಪಿಸೋಡ್‌ಗಳ ಮೊದಲ ಸರಣಿಯ ಕೊನೆಯ ಭಾಗದ ತುಂಬ ಮಾಂಗಾದಲ್ಲಿ ಇಲ್ಲದ ಕಥೆಗಳೇ. ಮೂರನೆಯ ದಾರಿ ಹಿಡಿದವರೂ ಇದ್ದಾರೆ, ಅವರ ವಿಷಯ ಮುಂದೆ ಬರುತ್ತದೆ. ಇನ್ನು ಕೆಲವು ಕಡೆ ಕಾರಣ ಸಮಯದ ಅಭಾವ. ಕೆಲವು ಕಡೆ ಬರೀ ಜನಪ್ರಿಯತೆ: ಸರಣಿ ಗೆದ್ದಿತು, ಇನ್ನೊಂದು ಸಿನಿಮಾ ತೆಗೆಯೋಣ.

ಎರಡನೆಯ ಕೊನೆ ಬಂದ ಕೂಡಲೇ ಅದನ್ನು "ತಿದ್ದಿದ ಪ್ರತಿ" ಅಂದುಕೊಳ್ಳುವವರು ಜಾಸ್ತಿ. ಹಳೆಯದು ತಪ್ಪು, ಹೊಸದು ಸರಿ ಅನ್ನುವ ಲೆಕ್ಕ. ನನಗೆ ಈ ಲೆಕ್ಕ ಒಪ್ಪಿಗೆಯಿಲ್ಲ. ಒಳ್ಳೆಯ ಎರಡನೆಯ ಕೊನೆ ಮೊದಲನೆಯದರ ಜೊತೆ ವಾದಕ್ಕೆ ಇಳಿಯುತ್ತದೆ. ವಾದ ಅರ್ಥವಾಗಬೇಕಾದರೆ ಮೊದಲು ಮಾತಾಡಿದವರ ಮಾತನ್ನು ಕೇಳಿರಬೇಕು, ಅಲ್ವಾ? ಹಾಗಾಗಿ ಬಹುಪಾಲು ಕಡೆ ನನ್ನ ಸಲಹೆ, ಬಂದ ಕ್ರಮದಲ್ಲೇ ನೋಡಿ ಅಂತ. ಆದರೆ ಎಲ್ಲ ಕಡೆಯೂ ಅಲ್ಲ.

ನಿಯಾನ್ ಜೆನೆಸಿಸ್ ಇವಾಂಜೆಲಿಯನ್: ಟಿವಿ, 1997ರ ಸಿನಿಮಾ, 2021ರ ಸಿನಿಮಾ

ಇದಕ್ಕೆ ಎರಡಲ್ಲ, ಮೂರು ಕೊನೆ. ಒಂದನ್ನೂ ಬಿಡಬೇಡಿ. ಮೊದಲು ಟಿವಿಯ 26 ಎಪಿಸೋಡ್. ತಕ್ಷಣ 'ದಿ ಎಂಡ್ ಆಫ್ ಇವಾಂಜೆಲಿಯನ್'. ಆಮೇಲೆ ಒಂದಷ್ಟು ತಿಂಗಳು ಬಿಡಿ, ಸಾಧ್ಯವಾದರೆ ಒಂದು ವರ್ಷ. ಅದಾದ ಮೇಲೆ ಹೊಸ ಸಿನಿಮಾ ಸರಣಿ. 2021ರದ್ದು ಅದರ ನಾಲ್ಕನೆಯ ಭಾಗ, ಹಾಗಾಗಿ 2007, 2009 ಮತ್ತು 2012ರ ಮೂರನ್ನು ನೋಡದೆ ಅದಕ್ಕೆ ಕೈ ಹಾಕಬೇಡಿ. ಸಮಯ ಕಡಿಮೆಯಿದ್ದರೆ ಟಿವಿ ಮತ್ತು 1997ರ ಸಿನಿಮಾ ಸಾಕು. ಒಂದು ಎಚ್ಚರಿಕೆ: ಮನಸ್ಸು ಕುಗ್ಗಿರುವ ದಿನಗಳಲ್ಲಿ 1997ರದ್ದನ್ನು ಹಾಕಿಕೊಳ್ಳಬೇಡಿ. ಅದು ಕ್ರೂರವಾಗಿದೆ, ಮಕ್ಕಳ ಜೊತೆ ನೋಡುವಂಥದ್ದೂ ಅಲ್ಲ.

ಸರಣಿ ಟಿವಿ ಟೋಕಿಯೋದಲ್ಲಿ ಶುರುವಾದದ್ದು 1995ರ ಅಕ್ಟೋಬರ್‌ನಲ್ಲಿ. ಗೈನಾಕ್ಸ್ ಸ್ಟುಡಿಯೋ, ನಿರ್ದೇಶಕ ಹಿದೆಆಕಿ ಆನ್ನೊ. ಹದಿನಾಲ್ಕರ ಹುಡುಗ ಶಿಂಜಿ ದೈತ್ಯ ಯಂತ್ರದೊಳಗೆ ಕೂತು ಭೂಮಿಯನ್ನು ಕಾಯಬೇಕು. 24ನೇ ಎಪಿಸೋಡ್‌ವರೆಗೆ ಗುಟ್ಟಿನ ಮೇಲೆ ಗುಟ್ಟು, ಯುದ್ಧದ ಮೇಲೆ ಯುದ್ಧ. ನೀವು ಕುರ್ಚಿಯ ತುದಿಗೆ ಬಂದು ಕೂತಿರುತ್ತೀರಿ. 25ನೇ ಎಪಿಸೋಡ್ ಶುರುವಾಗುತ್ತದೆ, ಯುದ್ಧವೇ ಮಾಯ! ಕತ್ತಲಲ್ಲಿ ಒಂದು ಮಡಚುವ ಕುರ್ಚಿ, ಅದರ ಮೇಲೆ ಶಿಂಜಿ, ಮೇಲಿಂದ ಬೆಳಕು. ಪರದೆಯ ಮೇಲೆ ಪ್ರಶ್ನೆಗಳು ಬರೆದು ಬರುತ್ತವೆ. ಹಳೆಯ ಚಿತ್ರಗಳು ಮತ್ತೆ ಬರುತ್ತವೆ. ಪೆನ್ಸಿಲ್ ಗೀಟಿನ ಚಿತ್ರಗಳು, ಸಾದಾ ಫೋಟೋಗಳು. 26ನೆಯದರ ಕೊನೆಗೆ ಎಲ್ಲರೂ ಸುತ್ತ ನಿಂತು ಚಪ್ಪಾಳೆ ತಟ್ಟುತ್ತಾ ಶಿಂಜಿಗೆ ಅಭಿನಂದನೆ ಹೇಳುತ್ತಾರೆ. ಮುಗಿಯಿತು. ಹಾಗಾದರೆ ಭೂಮಿ ಏನಾಯಿತು? ಉತ್ತರವಿಲ್ಲ.

ಕೈಯಲ್ಲಿ ಸಮಯ ಇಲ್ಲದೆ ಒದ್ದಾಡಿದ ತಂಡದ ಕೆಲಸ ಇದು ಅನ್ನುವುದು ನೋಡಿದರೆ ಗೊತ್ತಾಗುತ್ತದೆ. ಸಿಟ್ಟು ಬರುವುದು ಸಹಜ, 1996ರ ಜಪಾನಿನಲ್ಲೂ ಬಂದಿತ್ತು. ನನಗೂ ಮೊದಲು ಅನ್ನಿಸಿದ್ದು "ಇಷ್ಟೇನಾ?" ಅಂತ. ಆದರೆ ಆ ಎರಡು ಎಪಿಸೋಡ್‌ಗಳನ್ನು ಬೇರೆಯಾಗಿ ಇನ್ನೊಮ್ಮೆ ನೋಡಿ. 26ನೆಯದರ ನಡುವೆ ಇದ್ದಕ್ಕಿದ್ದಂತೆ ಒಂದು ಶಾಲೆಯ ಕಥೆ ಬರುತ್ತದೆ. ಅಲ್ಲಿ, ಶಿಂಜಿಯಂತೆಯೇ ಯಂತ್ರ ನಡೆಸುವ ಹುಡುಗಿ ಅಸುಕಾ ಅವನನ್ನು ಹಾಸಿಗೆಯಿಂದ ಎಬ್ಬಿಸುತ್ತಾಳೆ. ಇನ್ನೊಬ್ಬಳು, ರೇ, ಬಾಯಲ್ಲಿ ಟೋಸ್ಟ್ ಕಚ್ಚಿಕೊಂಡು ಓಡಿ ಬರುತ್ತಾಳೆ. ಅಪ್ಪ ಪೇಪರ್ ಓದುತ್ತಿರುತ್ತಾನೆ. ಯಂತ್ರವಿಲ್ಲ, ಯುದ್ಧವಿಲ್ಲ. ನಾನು ಬೇರೆ ಥರ ಬದುಕಬಹುದಿತ್ತು ಅನ್ನುವುದು ಆ ಹುಡುಗನಿಗೆ ಅಲ್ಲಿ ಹೊಳೆಯುತ್ತದೆ. ಸರಣಿ ಮೊದಲಿನಿಂದ ಕೇಳುತ್ತಿದ್ದ ಪ್ರಶ್ನೆ ಇದೇ: ತನ್ನನ್ನೇ ದ್ವೇಷಿಸುವ ಹುಡುಗ ಬದುಕುವುದು ಹೇಗೆ? ದೈತ್ಯ ಯಂತ್ರಗಳ ಗದ್ದಲದಲ್ಲಿ ನಾವು ಅದನ್ನು ಮರೆತಿರುತ್ತೇವೆ.

1997ರ ಜುಲೈಯಲ್ಲಿ ಬಂದ ಸಿನಿಮಾ ಅದೇ 25 ಮತ್ತು 26ನ್ನು ಹೊರಗಿನಿಂದ ಹೇಳುತ್ತದೆ. ಭೂಮಿ ಏನಾಯಿತು ಅನ್ನುವುದಕ್ಕೆ ಇಲ್ಲಿ ಉತ್ತರ ಸಿಗುತ್ತದೆ, ಬೇಡವಾಗಿತ್ತು ಅನ್ನಿಸುವಷ್ಟು ಸಿಗುತ್ತದೆ. ಅಸುಕಾ ಒಬ್ಬಳೇ ಒಂಬತ್ತು ಯಂತ್ರಗಳ ಜೊತೆ ಹೋರಾಡುತ್ತಾಳೆ. ಶಿಂಜಿ ಏನೂ ಮಾಡದೆ ಕೂತಿರುತ್ತಾನೆ. ಮನುಷ್ಯರೆಲ್ಲ ಕಿತ್ತಳೆ ಬಣ್ಣದ ದ್ರವವಾಗಿ ಕರಗುತ್ತಾರೆ, ಹಿನ್ನೆಲೆಯಲ್ಲಿ ತೀರ ಸಿಹಿಯಾದ ಒಂದು ಇಂಗ್ಲಿಷ್ ಹಾಡು. ನಡುವೆ ನಿಜವಾದ ಸಿನಿಮಾ ಹಾಲ್, ಅದರಲ್ಲಿ ಕೂತ ನಿಜವಾದ ಪ್ರೇಕ್ಷಕರು ಪರದೆಯ ಮೇಲೆ ಬರುತ್ತಾರೆ. ಅಭಿಮಾನಿಗಳು ಬರೆದ ಪತ್ರಗಳು ಕ್ಷಣಮಾತ್ರ ಮಿಂಚಿ ಹೋಗುತ್ತವೆ. ನೋಡುವವರನ್ನೇ ಎದುರು ಕೂರಿಸಿಕೊಂಡು ಮಾತಾಡಿದ ಹಾಗೆ. ಮುಗಿದಾಗ ಕೆಂಪು ಸಮುದ್ರದ ದಡದಲ್ಲಿ ಇಬ್ಬರೇ ಉಳಿದಿರುತ್ತಾರೆ, ಅವರ ನಡುವೆಯೂ ಪ್ರೀತಿಯ ಮಾತಿಲ್ಲ.

ಎರಡನ್ನೂ ಅಕ್ಕಪಕ್ಕ ಇಟ್ಟರೆ ನನಗೆ ಕಾಣುವುದು ಹೀಗೆ. ಶಿಂಜಿ ಎರಡರಲ್ಲೂ ತೆಗೆದುಕೊಳ್ಳುವ ತೀರ್ಮಾನ ಒಂದೇ, ಬೇರೆಯವರ ನಡುವೆ ಬದುಕುತ್ತೇನೆ ಅಂತ. ಟಿವಿಯಲ್ಲಿ ಆ ತೀರ್ಮಾನಕ್ಕೆ ಚಪ್ಪಾಳೆ ಸಿಗುತ್ತದೆ. ಸಿನಿಮಾದಲ್ಲಿ ಅದರ ಬೆಲೆ ಎಷ್ಟು ಅಂತ ತೋರಿಸುತ್ತಾರೆ: ಬೇರೆಯವರು ಅಂದರೆ ನೋವು ಕೊಡುವವರು, ಅದು ಗೊತ್ತಿದ್ದೂ ಹಿಂದೆ ಬರಬೇಕು. ಬರೀ ಸಿನಿಮಾ ನೋಡಿದವರಿಗೆ ಇದು ಹತಾಶೆಯ ಕಥೆಯಾಗಿ ಕಾಣುತ್ತದೆ. ಬರೀ ಟಿವಿ ನೋಡಿದವರಿಗೆ ಅರ್ಧಕ್ಕೆ ಬಿಟ್ಟ ಕಥೆ.

2021ರ ಸಿನಿಮಾದ ಉದ್ದ 155 ನಿಮಿಷ. ಜಪಾನಿನಲ್ಲಿ ಅದು 1,000 ಕೋಟಿ ಯೆನ್‌ಗೂ ಹೆಚ್ಚು ಗಳಿಸಿತು. ಅದರ ಮೊದಲ ಭಾಗ ಒಂದು ಹಳ್ಳಿಯಲ್ಲಿ ನಡೆಯುತ್ತದೆ. ಎಲ್ಲ ಹಾಳಾದ ಮೇಲೆ ಉಳಿದವರು ಕಟ್ಟಿಕೊಂಡ ಹಳ್ಳಿ. ರೇಯಂತೆಯೇ ಕಾಣುವ ಹುಡುಗಿ ಅಲ್ಲಿನ ಹೆಂಗಸರ ಜೊತೆ ಗದ್ದೆಗೆ ಇಳಿದು ಭತ್ತದ ನಾಟಿ ಮಾಡುತ್ತಾಳೆ. ಕೆಸರಲ್ಲಿ ಕಾಲು ಹೂತು ಬೀಳುತ್ತಾಳೆ, ಎದ್ದು ಮತ್ತೆ ನೆಡುತ್ತಾಳೆ. ಮಲೆನಾಡಿನಲ್ಲೋ ಮಂಡ್ಯದ ಕಡೆಯೋ ನಾಟಿ ನೋಡಿದವರಿಗೆ ಈ ದೃಶ್ಯ ಎಷ್ಟು ಸರಿಯಾಗಿದೆ ಅಂತ ಗೊತ್ತಾಗುತ್ತದೆ. ಇಡೀ ಇವಾಂಜೆಲಿಯನ್‌ನಲ್ಲಿ ನನಗೆ ತೀರ ಇಷ್ಟವಾದ ಭಾಗ ಅದೇ, ಆಮೇಲಿನ ಯುದ್ಧಗಳು ಉದ್ದವಾದವು ಅನ್ನಿಸಿತು. ಮುಕ್ತಾಯ ಒಂದು ರೈಲು ನಿಲ್ದಾಣದಲ್ಲಿ. ಅದು ಆನ್ನೊ ಹುಟ್ಟಿದ ಊರಾದ ಯಾಮಾಗುಚಿ ಪ್ರಾಂತ್ಯದ ಉಬೆಯ ನಿಲ್ದಾಣ. ದೊಡ್ಡವನಾದ ಶಿಂಜಿ, ಹೊಸ ಸಿನಿಮಾಗಳಲ್ಲಿ ಬಂದ ಹುಡುಗಿ ಮಾರಿಯ ಕೈ ಹಿಡಿದು ಹೊರಗೆ ಓಡುತ್ತಾನೆ, ಬಿಡಿಸಿದ ಚಿತ್ರ ನಿಜವಾದ ಊರಿನ ಚಿತ್ರಣವಾಗಿ ಬದಲಾಗುತ್ತದೆ. ಮಾರಿ ಯಾಕೆ ಅಂತ ಇವತ್ತಿಗೂ ಕೂಗಾಡುವವರಿದ್ದಾರೆ. ನನಗೆ ಅದು ದೊಡ್ಡ ವಿಷಯ ಅನ್ನಿಸಲಿಲ್ಲ. ನಿರ್ದೇಶಕ ತನ್ನ ಹುಡುಗನನ್ನು ಕೊನೆಗೂ ಮನೆಗೆ ಕಳಿಸಿದ ಅನ್ನುವ ಸಮಾಧಾನವೇ ಹೆಚ್ಚಾಗಿತ್ತು.

ಇಪ್ಪತ್ತರ ಆಸುಪಾಸಿನವರಿಗೆ 1997ರದ್ದು ಹಿಡಿಸುತ್ತದೆ. ಸ್ವಲ್ಪ ವಯಸ್ಸಾದವರು ಆ ಹಳ್ಳಿಯಲ್ಲಿ ಕಣ್ಣು ಒರೆಸಿಕೊಳ್ಳುತ್ತಾರೆ. ಇದು ನನ್ನ ಅನುಭವದ ಮಾತು, ನಿಯಮವಲ್ಲ.

ಒಂದು ಸಣ್ಣ ವಿಷಯ. 2019ರಲ್ಲಿ ಟಿವಿ ಸರಣಿ ನೆಟ್‌ಫ್ಲಿಕ್ಸ್‌ಗೆ ಬಂದಾಗ, ಪ್ರತಿ ಎಪಿಸೋಡ್‌ನ ಕೊನೆಗೆ ಬರುತ್ತಿದ್ದ 'ಫ್ಲೈ ಮಿ ಟು ದ ಮೂನ್' ಹಾಡು ಜಪಾನಿನ ಹೊರಗಿನವರಿಗೆ ಇಲ್ಲವಾಯಿತು. ಅದೇ ಪಟ್ಟಿಯಲ್ಲಿ 'ಡೆತ್' ಎಂಬ ಹೆಸರಿನ ಇನ್ನೊಂದು ಸಿನಿಮಾ ಕಾಣುತ್ತದೆ. ಅದು ಹಳೆಯ ಎಪಿಸೋಡ್‌ಗಳ ಸಂಕಲನ ಅಷ್ಟೇ, ಬಿಟ್ಟರೆ ನಷ್ಟವಿಲ್ಲ.

ಫುಲ್‌ಮೆಟಲ್ ಆಲ್ಕೆಮಿಸ್ಟ್: 2003ರದ್ದೋ, ಬ್ರದರ್‌ಹುಡ್ಡೋ?

ಒಂದನ್ನೇ ನೋಡುವುದಾದರೆ 'ಬ್ರದರ್‌ಹುಡ್', 64 ಎಪಿಸೋಡ್. ಮನಸ್ಸಿಗೆ ತೃಪ್ತಿಯಾಗುತ್ತದೆ, ಒಂದು ಎಳೆಯೂ ಸಡಿಲ ಉಳಿಯುವುದಿಲ್ಲ. ಎರಡಕ್ಕೂ ಸಮಯವಿದ್ದರೆ 2003ರ 51 ಎಪಿಸೋಡ್‌ಗಳನ್ನು ಮೊದಲು ನೋಡಿ. ಅದಕ್ಕೆ ಅಂಟಿಕೊಂಡ 2005ರ ಸಿನಿಮಾ ನಿಮ್ಮಿಷ್ಟ. 2003ರದ್ದನ್ನು ನೋಡಿದ ಮೇಲೆ ಬ್ರದರ್‌ಹುಡ್ ಇನ್ನೂ ಚೆನ್ನಾಗಿ ಕಾಣುತ್ತದೆ. ಕ್ರಮ ತಿರುಗಿಸಿದರೆ 2003ರದ್ದಕ್ಕೆ ಅನ್ಯಾಯವಾಗುತ್ತದೆ, ಯಾಕೆಂದರೆ ನೀವು ಪ್ರತಿ ಹೆಜ್ಜೆಗೂ "ಇದು ಹೀಗಲ್ಲವಲ್ಲ" ಅಂತ ಅಳೆಯುತ್ತಾ ಕೂರುತ್ತೀರಿ.

ಎರಡನ್ನೂ ಮಾಡಿದ್ದು ಬೋನ್ಸ್ ಸ್ಟುಡಿಯೋ. ಹಿರೋಮು ಅರಾಕಾವಾ ಅವರ ಮಾಂಗಾ ಶುರುವಾದದ್ದು 2001ರಲ್ಲಿ. ಎರಡು ವರ್ಷಕ್ಕೇ ಅನಿಮೆ ಬಂತು. ಮಾಂಗಾ ಮುಗಿಯಲು ಇನ್ನೂ ಬಹಳ ಕಾಲವಿದ್ದುದರಿಂದ ನಿರ್ದೇಶಕ ಸೆಯ್ಜಿ ಮಿಝುಶಿಮಾ ಅವರ ತಂಡ ತನ್ನದೇ ದಾರಿ ಹಿಡಿಯಿತು. ಮಾಂಗಾ ಮುಗಿದದ್ದು 2010ರ ಜೂನ್‌ನಲ್ಲಿ, ಮಾಂಗಾದ ಕಥೆಯನ್ನೇ ಹಿಡಿದ ಬ್ರದರ್‌ಹುಡ್‌ನ ಕೊನೆಯ ಎಪಿಸೋಡ್ ಬಂದದ್ದು ಅದರ ಮರು ತಿಂಗಳು.

ಕಥೆಯ ಬುನಾದಿ ರಸವಿದ್ಯೆಯ ಒಂದು ನಿಯಮ. ಏನನ್ನಾದರೂ ಪಡೆಯಬೇಕಾದರೆ ಅಷ್ಟೇ ಬೆಲೆಯದನ್ನು ಕೊಡಬೇಕು. ಸತ್ತ ಅಮ್ಮನನ್ನು ಬದುಕಿಸಲು ಹೋಗಿ ಅಣ್ಣ ಎಡ್ ಒಂದು ಕೈ, ಒಂದು ಕಾಲು ಕಳೆದುಕೊಂಡ, ತಮ್ಮ ಆಲ್ ಇಡೀ ದೇಹವನ್ನೇ ಕಳೆದುಕೊಂಡು ಕಬ್ಬಿಣದ ಕವಚದಲ್ಲಿ ಉಳಿದ. ಎರಡು ಸರಣಿಗಳು ಈ ನಿಯಮವನ್ನು ಎರಡು ರೀತಿ ಮುರಿಯುತ್ತವೆ.

2003ರದ್ದರಲ್ಲಿ, ಆ ನಿಯಮವೇ ಸುಳ್ಳು ಅಂತ ಎದುರಾಳಿ ಎಡ್‌ಗೆ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾಳೆ. ದುಡಿದವರಿಗೆಲ್ಲ ಫಲ ಸಿಗುತ್ತದಾ? ಸಿಗುವುದಿಲ್ಲ. ಎಡ್ ಬಳಿ ಅದಕ್ಕೆ ತಕ್ಕ ಉತ್ತರವಿಲ್ಲ. ಮುಗಿಯುವ ಹೊತ್ತಿಗೆ ಅಣ್ಣ ತಮ್ಮ ಬೇರೆ ಬೇರೆ ಲೋಕಗಳಲ್ಲಿರುತ್ತಾರೆ. ಆಲ್‌ಗೆ ದೇಹ ಸಿಕ್ಕಿದೆ, ಆದರೆ ಅಣ್ಣನ ಜೊತೆ ಅಲೆದ ವರ್ಷಗಳ ನೆನಪೇ ಇಲ್ಲ. ಎಡ್ ನಮ್ಮ ಭೂಮಿಗೆ, ಮೊದಲ ಮಹಾಯುದ್ಧ ಮುಗಿದ ಮೇಲಿನ ಜರ್ಮನಿಗೆ ಬಂದು ಬಿದ್ದಿದ್ದಾನೆ. ಇಬ್ಬರೂ ಒಬ್ಬರನ್ನೊಬ್ಬರು ಹುಡುಕುತ್ತೇವೆ ಅಂದುಕೊಂಡಿದ್ದಾರೆ, ಅಷ್ಟೇ. 2005ರ ಸಿನಿಮಾ 1923ರ ಮ್ಯೂನಿಕ್‌ನಲ್ಲಿ, ಹಿಟ್ಲರ್ ಅಧಿಕಾರ ಕಸಿಯಲು ಹೊರಟು ಸೋತ ಗಲಾಟೆಯ ನಡುವೆ ನಡೆಯುತ್ತದೆ. ಅದರ ಕೊನೆಗೆ ಅಣ್ಣ ತಮ್ಮ ಸೇರುತ್ತಾರೆ, ಆದರೆ ಊರು, ಬಾಲ್ಯದ ಗೆಳತಿ ವಿನ್ರಿ, ಎಲ್ಲ ಆಚೆ ಉಳಿಯುತ್ತದೆ. ಆ ಸೇರುವಿಕೆ ನನಗೆ ಬೇಕಿರಲಿಲ್ಲ. ಟಿವಿಯ ಕೊನೆಯ ಆ ಕಾಯುವಿಕೆಯಲ್ಲೇ ಹೆಚ್ಚು ಬಲವಿತ್ತು.

ಬ್ರದರ್‌ಹುಡ್‌ನಲ್ಲಿ ಎಡ್ ತಮ್ಮನನ್ನು ಪಡೆಯಲು ತನ್ನ ರಸವಿದ್ಯೆಯನ್ನೇ ಕೊಟ್ಟುಬಿಡುತ್ತಾನೆ. ಲೋಕವೇ ಹೊಗಳಿದ ಜಾಣತನ, ಬಿರುದು, ಎಲ್ಲ ಹೋಯಿತು. ಅದಿಲ್ಲದೆ ಬದುಕುವುದು ಹೇಗೆ ಅಂದರೆ, ಜನ ಇದ್ದಾರಲ್ಲ ಅನ್ನುತ್ತಾನೆ. ಆಮೇಲೆ ರೈಲು ನಿಲ್ದಾಣದಲ್ಲಿ ವಿನ್ರಿಯ ಎದುರು ತಡವರಿಸುತ್ತಾ, ಅದೇ ವಿನಿಮಯದ ನಿಯಮದಲ್ಲಿ ಮದುವೆಯ ಮಾತೆತ್ತುತ್ತಾನೆ. ನನ್ನ ಬದುಕಿನ ಅರ್ಧ ಕೊಡುತ್ತೇನೆ, ನಿನ್ನದರಲ್ಲಿ ಅರ್ಧ ಕೊಡು ಅಂತ. ಅವಳು ಪೂರ್ತಿ ಕೊಡುತ್ತೇನೆ ಅನ್ನುತ್ತಾಳೆ, ಆಮೇಲೆ ಶೇಕಡಾ ಲೆಕ್ಕಕ್ಕೆ ಇಳಿಯುತ್ತಾಳೆ. ಇಷ್ಟು ಹಗುರವಾಗಿ, ನಗಿಸುತ್ತಾ, 64 ಎಪಿಸೋಡ್‌ಗಳ ಮೂಲ ನಿಯಮವನ್ನು ತಲೆಕೆಳಗು ಮಾಡಿದ್ದು ನೋಡಿ ಖುಷಿಯಾಯಿತು. ಈಗಲೂ ಆಗುತ್ತದೆ.

ಹಾಗಾದರೆ 2003ರದ್ದು ಯಾಕೆ ಬೇಕು? ಬ್ರದರ್‌ಹುಡ್ ಶುರುವಿನಲ್ಲಿ ಓಡುತ್ತದೆ. ಹಳೆಯ ಸರಣಿಯಲ್ಲಿ ಜನ ನೋಡಿದ್ದಾರಲ್ಲ ಅಂತ ಬೇಗ ಬೇಗ ಮುಗಿಸಿದ್ದಾರೆ. ಪುಟ್ಟ ಹುಡುಗಿ ನೀನಾಳ ಕಥೆ ಅಲ್ಲಿ 4ನೇ ಎಪಿಸೋಡ್‌ಗೇ ಬಂದು ಹೋಗುತ್ತದೆ. ಸೇನಾಧಿಕಾರಿ ಹ್ಯೂಸ್ ಸಾಯುವುದು 10ನೆಯದರಲ್ಲಿ. 2003ರದ್ದರಲ್ಲಿ ಅದೇ ಸಾವು 25ನೇ ಎಪಿಸೋಡ್‌ನಲ್ಲಿ. ಅಷ್ಟರಲ್ಲಿ ಹೆಂಡತಿ ಮಗಳ ಫೋಟೋ ಹಿಡಿದು ಎಲ್ಲರ ತಲೆ ತಿನ್ನುವ ಆ ಮನುಷ್ಯ ನಮ್ಮ ಮನೆಯವನೇ ಆಗಿಬಿಟ್ಟಿರುತ್ತಾನೆ. ಬ್ರದರ್‌ಹುಡ್‌ನಲ್ಲಿ ಸಮಾಧಿಯ ಬಳಿಯ ದೃಶ್ಯಕ್ಕೆ ಗಂಟಲು ಕಟ್ಟಿತು. 2003ರದ್ದರಲ್ಲಿ ಮುಂದಿನ ಎಪಿಸೋಡ್ ಹಾಕಲು ಮನಸ್ಸೇ ಬರಲಿಲ್ಲ.

ಒಳ್ಳೆಯವರಿಗೆ ಒಳ್ಳೆಯದಾಗಬೇಕು ಅನ್ನುವವರು ನೀವಾದರೆ ಬ್ರದರ್‌ಹುಡ್. ಕಥೆ ಮುಗಿದ ಮೇಲೂ ಮನಸ್ಸು ಕೆರೆಯುತ್ತಿರಬೇಕು ಅನ್ನುವವರಾದರೆ 2003. ಯಾವುದು ದೊಡ್ಡದು ಅಂತ ಕೇಳಿದರೆ ಬ್ರದರ್‌ಹುಡ್ ಅನ್ನುತ್ತೇನೆ. ಯಾವುದು ಹೆಚ್ಚು ನೆನಪಾಗುತ್ತದೆ ಅಂದರೆ ಇನ್ನೊಂದು.

ಡೆತ್ ನೋಟ್: ಅನಿಮೆಯ ಕೊನೆಯೋ, ಮಾಂಗಾದ್ದೋ?

ಅನಿಮೆ ನೋಡಿ, 37 ಎಪಿಸೋಡ್. ಮುಗಿದ ಮೇಲೆ ಮಾಂಗಾದ ಕೊನೆಯ, ಅಂದರೆ 12ನೇ ಸಂಪುಟವನ್ನು ಮಾತ್ರ ಓದಿ. ಒಂದು ಸಂಜೆಯ ಕೆಲಸ. ಕೊನೆಯ ಹತ್ತು ಹನ್ನೆರಡು ಎಪಿಸೋಡ್ ಬೇಸರ ತರಬಹುದು. ಆದರೂ ಬಿಡಬೇಡಿ.

ಬೇಸರಕ್ಕೆ ಕಾರಣ ಎಲ್ಲರಿಗೂ ಗೊತ್ತು: 25ನೇ ಎಪಿಸೋಡ್‌ನಲ್ಲಿ ಎಲ್ ಸಾಯುತ್ತಾನೆ. ಹೆಸರು ಬರೆದರೆ ಸಾವು ತರುವ ಪುಸ್ತಕ ಹಿಡಿದ ಲೈಟ್‌ನ ಬೆನ್ನು ಹತ್ತಿದ್ದ ಪತ್ತೇದಾರ ಅವನು. ಅಲ್ಲಿಗೆ ಆಟ ಮುಗಿದಂತೆ. ಆಮೇಲೆ ಬರುವ ನಿಯರ್ ಮತ್ತು ಮೆಲ್ಲೊ ಎಷ್ಟೇ ಜಾಣರಾದರೂ ಆ ಜಾಗ ತುಂಬುವುದಿಲ್ಲ. ಆದರೆ ಕೊನೆಯ ಎಪಿಸೋಡ್‌ಗಾಗಿ ಅದನ್ನೆಲ್ಲ ಸಹಿಸಿಕೊಳ್ಳಬಹುದು. ಮ್ಯಾಡ್‌ಹೌಸ್ ಸ್ಟುಡಿಯೋದ ತಂಡ ಇಲ್ಲಿ ಮಾಂಗಾವನ್ನು ಬದಲಾಯಿಸಿದೆ. ಗಾಯಗೊಂಡ ಲೈಟ್ ಗೋದಾಮಿನಿಂದ ತಪ್ಪಿಸಿಕೊಂಡು ಸಂಜೆಬೆಳಕಿನಲ್ಲಿ ಓಡುತ್ತಾನೆ. ಮೆಟ್ಟಿಲ ಮೇಲೆ ಒರಗುತ್ತಾನೆ, ದೂರದಲ್ಲಿ ಸಾವಿನ ದೇವತೆ ರ್‍ಯೂಕ್ ಅವನ ಹೆಸರು ಬರೆಯುತ್ತಾನೆ. ಎಲ್‌ನ ನೆರಳು ಕಂಡ ಹಾಗಾಗುತ್ತದೆ. ನೋಡಲು ಬಹಳ ಚೆಂದ, ಚೆಂದವಾಗಿರುವುದೇ ನನಗೆ ತೊಂದರೆ. ಸಾವಿರಾರು ಜನರನ್ನು ಕೊಂದವನಿಗೆ ಇಷ್ಟು ಘನತೆಯ ಸಾವು ಯಾಕೆ? ಮಾಂಗಾದಲ್ಲಿ ಅವನು ಗೋದಾಮಿನ ನೆಲದ ಮೇಲೆ, ಎಲ್ಲರ ಕಣ್ಣೆದುರು, ಸಾಯಲು ಇಷ್ಟವಿಲ್ಲ ಅಂತ ಗೋಗರೆಯುತ್ತಾ ಸಾಯುತ್ತಾನೆ. ಕಣ್ಣಿಗೆ ಅನಿಮೆಯದ್ದು ಹೆಚ್ಚು, ನ್ಯಾಯಕ್ಕೆ ಮಾಂಗಾದ್ದು. ಮಾಂಗಾದ ಕೊನೆಯ ಅಧ್ಯಾಯದಲ್ಲಿ ಅವನನ್ನು ಇನ್ನೂ ದೇವರೆಂದು ನಂಬಿದ ಜನರ ಮೆರವಣಿಗೆಯೊಂದು ಬರುತ್ತದೆ. ಅದು ಅನಿಮೆಯಲ್ಲಿ ಇಲ್ಲ, ಇರಬೇಕಿತ್ತು.

ಅಟ್ಯಾಕ್ ಆನ್ ಟೈಟನ್: ಇಲ್ಲಿ ಅನಿಮೆ ಸಾಕು

ಮಾಂಗಾದ ಕೊನೆ ಓದಿ ಬೇಸರಗೊಂಡವರೂ ಅನಿಮೆಯ ಕೊನೆಯನ್ನು ಒಮ್ಮೆ ನೋಡಿ. ಹೊಸಬರು ಅನಿಮೆಯಲ್ಲೇ ಮುಗಿಸಬಹುದು. ಸೀಸನ್ ಹೆಸರುಗಳು ಮಾತ್ರ ತಲೆ ಕೆಡಿಸುತ್ತವೆ. 'ಕೊನೆಯ ಸೀಸನ್' ಅಂತ 2020ರ ಡಿಸೆಂಬರ್‌ನಲ್ಲಿ ಶುರು ಮಾಡಿ, 2022ರಲ್ಲಿ ಒಂದು ಕಂತು, 2023ರಲ್ಲಿ ಎರಡು ಕಂತು ಕೊಟ್ಟು, ನವೆಂಬರ್‌ನಲ್ಲಿ ಅಂತೂ ಮುಗಿಸಿದರು. ಕೊನೆಯ ಕಂತಿನಲ್ಲಿ ಹೆಸರುಗಳು ಮೇಲೇರುವಾಗ ಎದ್ದು ಹೋಗಬೇಡಿ, ಕಥೆ ಅಲ್ಲೂ ಮುಂದುವರಿಯುತ್ತದೆ.

ಹಜಿಮೆ ಇಸಾಯಾಮಾ ಅವರ ಮಾಂಗಾ 2009ರಿಂದ 2021ರ ಏಪ್ರಿಲ್‌ವರೆಗೆ, 139 ಅಧ್ಯಾಯ. ಕೊನೆಯ ಅಧ್ಯಾಯಕ್ಕೆ ಬಂದ ಬೈಗುಳ ಸ್ವಲ್ಪವಲ್ಲ. ಕಥಾನಾಯಕ ಎರೆನ್ ಭೂಮಿಯ ಹತ್ತರಲ್ಲಿ ಎಂಟು ಪಾಲು ಜನರನ್ನು ದೈತ್ಯರಿಂದ ತುಳಿಸಿ ಕೊಂದಿದ್ದಾನೆ. ಅದಕ್ಕೆ ಗೆಳೆಯ ಆರ್ಮಿನ್ ಒಂದು ರೀತಿ ಥ್ಯಾಂಕ್ಸ್ ಹೇಳುತ್ತಾನೆ! ಓದಿದಾಗ ನನಗೂ ಪುಸ್ತಕ ಮುಚ್ಚಿಡುವ ಹಾಗಾಯಿತು. ಅನಿಮೆಯಲ್ಲಿ ಈ ಮಾತುಕತೆಯನ್ನು ಇಸಾಯಾಮಾ ಅವರೂ ಸೇರಿ ತಿದ್ದಿದ್ದಾರೆ. ಇಲ್ಲಿ ಆರ್ಮಿನ್ ಪಾಪದಲ್ಲಿ ತನಗೂ ಪಾಲಿದೆ ಅನ್ನುತ್ತಾನೆ. ಹೊರಗಿನ ಲೋಕದ ಆಸೆ ಹತ್ತಿಸಿದ್ದೇ ನಾನು, ನರಕಕ್ಕೆ ಹೋದರೆ ಇಬ್ಬರೂ ಹೋಗೋಣ ಅನ್ನುವ ಅರ್ಥದಲ್ಲಿ. ಬದಲಾದದ್ದು ಕೆಲವೇ ಮಾತು, ಆದರೆ ಗೆಳೆತನಕ್ಕೆ ಮಾನ ಬಂತು. ಜೊತೆಗೇ ಬೆಳೆದ ಮಿಕಾಸಾ ಬಗ್ಗೆ ಎರೆನ್ ಅಳುವುದು ಎರಡರಲ್ಲೂ ಇದೆ. ಅದನ್ನು ನೋಡಿ ನಕ್ಕವರು ಬಹಳ. ನನಗೆ ಅದು ಸರಿ ಕಂಡಿತು, ಲೋಕ ಸುಟ್ಟವನೂ ಹತ್ತೊಂಬತ್ತರ ಹುಡುಗನೇ ತಾನೆ.

ಮೇಲೆ ಹೇಳಿದ ವಾದ-ಪ್ರತಿವಾದದ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ಇದು ನಿಜಕ್ಕೂ ತಿದ್ದುಪಡಿ, ಒಳ್ಳೆಯ ತಿದ್ದುಪಡಿ.

ಕೋಡ್ ಗಿಯಾಸ್ ಮತ್ತು ಮಡೋಕಾ ಮ್ಯಾಜಿಕಾ: ಮುಗಿದ ಕಥೆಗೆ ಮತ್ತೊಂದು ಸಿನಿಮಾ

'ಕೋಡ್ ಗಿಯಾಸ್' ನೋಡುವವರು ಎರಡನೆಯ ಸೀಸನ್‌ನ 25ನೇ ಎಪಿಸೋಡ್‌ಗೆ ನಿಲ್ಲಿಸಿ. 2019ರ ಸಿನಿಮಾ ಬೇಡ. 'ಮಡೋಕಾ ಮ್ಯಾಜಿಕಾ' ನೋಡುವವರು ಟಿವಿಯ 12 ಎಪಿಸೋಡ್ ಮುಗಿಸಿ, ಒಂದಷ್ಟು ವಾರ ಬಿಟ್ಟು, 2013ರ 'ರೆಬೆಲಿಯನ್' ಸಿನಿಮಾ ನೋಡಲೇಬೇಕು. ಒಂದಕ್ಕೆ ಬೇಡ, ಇನ್ನೊಂದಕ್ಕೆ ಬೇಕು ಯಾಕೆ ಅನ್ನುವುದಕ್ಕೆ ಗುಟ್ಟು ಒಡೆಯಬೇಕಾಗುತ್ತದೆ.

'ಕೋಡ್ ಗಿಯಾಸ್'ನ ನಾಯಕ ಲೆಲೂಶ್ ಲೋಕದ ದ್ವೇಷವನ್ನೆಲ್ಲ ತನ್ನ ಮೇಲೆ ಎಳೆದುಕೊಂಡು, ಗೆಳೆಯನ ಕೈಯಿಂದಲೇ ತನ್ನನ್ನು ಕೊಲ್ಲಿಸಿಕೊಳ್ಳುತ್ತಾನೆ. 2008ರ ಆ ಎಪಿಸೋಡ್‌ನಷ್ಟು ಅಚ್ಚುಕಟ್ಟಾದ ಕೊನೆ ಅನಿಮೆಯಲ್ಲಿ ಕಡಿಮೆ. ತಂಗಿ ಅವನ ಕೈ ಮುಟ್ಟಿ ಎಲ್ಲ ಅರ್ಥ ಮಾಡಿಕೊಳ್ಳುವ ಕ್ಷಣದಲ್ಲಿ ಕಣ್ಣೀರು ತಡೆದುಕೊಂಡವರನ್ನು ನಾನು ನೋಡಿಲ್ಲ. 2019ರದ್ದು ಅವನನ್ನು ಮತ್ತೆ ಬದುಕಿಸುತ್ತದೆ. ಕಥೆಯನ್ನು ಸ್ವಲ್ಪ ಬದಲಿಸಿ ತೆಗೆದ ಮೂರು ಸಂಕಲನ ಸಿನಿಮಾಗಳ ಮುಂದುವರಿಕೆ ಅದು, ಟಿವಿಯದ್ದಕ್ಕೆ ನೇರ ಸಂಬಂಧವಿಲ್ಲ ಅಂತ ಸಮಾಧಾನ ಹೇಳುತ್ತಾರೆ. ಇರಬಹುದು. ಆದರೆ ಒಮ್ಮೆ ನೋಡಿದ ಮೇಲೆ ಆ ಸಾವಿನ ತೂಕ ಇಳಿದುಹೋಗುತ್ತದೆ.

ಮಡೋಕಾ ಕೂಡ ತನ್ನನ್ನು ತಾನೇ ಕೊಟ್ಟುಕೊಳ್ಳುತ್ತಾಳೆ. ಮಂತ್ರಶಕ್ತಿ ಪಡೆದು ಕೊನೆಗೆ ಮಾಟಗಾತಿಯರಾಗಿ ಹಾಳಾಗುವ ಹುಡುಗಿಯರನ್ನೆಲ್ಲ, ಹಿಂದಿನ ಮುಂದಿನ ಕಾಲದವರನ್ನೂ ಸೇರಿಸಿ, ಉಳಿಸಬೇಕು ಅಂತ ಕೇಳಿಕೊಂಡು ಲೋಕದ ಒಂದು ನಿಯಮವೇ ಆಗಿಬಿಡುತ್ತಾಳೆ. ಗೆಳತಿ ಹೊಮುರಾಗೆ ಮಾತ್ರ ಅವಳ ನೆನಪು ಉಳಿಯುತ್ತದೆ. 2011ರ ಮಾರ್ಚ್ 11ರ ಭೂಕಂಪದಿಂದಾಗಿ ಕೊನೆಯ ಎರಡು ಎಪಿಸೋಡ್ ನಿಂತುಹೋಗಿ, ಏಪ್ರಿಲ್‌ನಲ್ಲಿ ಒಟ್ಟಿಗೆ ಪ್ರಸಾರವಾದವು. ಊರಿಗೆ ಊರೇ ನೀರಿಗೆ ಕೊಚ್ಚಿಹೋದ ದೇಶದಲ್ಲಿ, ನಾಶವಾದ ನಗರದ ಕಥೆಯನ್ನು ಜನ ಹೇಗೆ ನೋಡಿರಬಹುದು ಅಂತ ಆಗಾಗ ಯೋಚಿಸುತ್ತೇನೆ. 'ರೆಬೆಲಿಯನ್' ಆ ತ್ಯಾಗವನ್ನು ಒಪ್ಪದ ಹೊಮುರಾಳ ಕಥೆ. ಅವಳಿಗೆ ದೇವತೆ ಬೇಡ, ಗೆಳತಿ ಬೇಕು. ಅದಕ್ಕಾಗಿ ಲೋಕದ ನಿಯಮವನ್ನೇ ಹರಿದು ಮಡೋಕಾಳನ್ನು ಕೆಳಗೆ ಎಳೆಯುತ್ತಾಳೆ, ತಾನು ದೆವ್ವವಾದರೂ ಸರಿ ಅನ್ನುತ್ತಾಳೆ. ಮೊದಲ ಕೊನೆಯನ್ನು ಈ ಸಿನಿಮಾ ಅಳಿಸುವುದಿಲ್ಲ, ಅದರ ಜೊತೆ ಜಗಳಕ್ಕೆ ನಿಲ್ಲುತ್ತದೆ. ಸಿನಿಮಾ ಮುಗಿದಾಗ ನನಗೆ ಕೋಪವೂ ಬಂತು, ಹೊಮುರಾಳ ಮೇಲೆ ಕನಿಕರವೂ ಬಂತು.

ಬರ್ಸರ್ಕ್ ಮತ್ತು ಪ್ರಾಮಿಸ್ಡ್ ನೆವರ್‌ಲ್ಯಾಂಡ್: ಮಾಂಗಾದ ಕಡೆ ಹೋಗಬೇಕಾದವು

ಇವೆರಡರಲ್ಲಿ ಅನಿಮೆಯ ಕೊನೆಯನ್ನು ನಂಬಿ ಕೂರಬೇಡಿ. 'ಬರ್ಸರ್ಕ್' 1997ರ 25 ಎಪಿಸೋಡ್‌ಗಳು ಅಪರೂಪದವು, ದೊಡ್ಡವರಿಗೆ ಮಾತ್ರ. ಮುಗಿದ ಮೇಲೆ ಮೊದಲ ಎಪಿಸೋಡನ್ನು ಇನ್ನೊಮ್ಮೆ ಹಾಕಿ. 'ಪ್ರಾಮಿಸ್ಡ್ ನೆವರ್‌ಲ್ಯಾಂಡ್'ನಲ್ಲಿ ಮೊದಲ ಸೀಸನ್ ಸಾಕು.

ಬರ್ಸರ್ಕ್ ಮುಗಿಯುವುದು ರಕ್ತಪಾತದ ನಟ್ಟನಡುವೆ. ನಾಯಕ ಗಟ್ಸ್ ಹೇಗೆ ಪಾರಾದ ಅಂತ ಹೇಳುವುದೇ ಇಲ್ಲ. ಆದರೆ ಒಂಟಿ ಕಣ್ಣು, ಕಬ್ಬಿಣದ ಕೈಯ ಗಟ್ಸ್‌ನನ್ನು ಮೊದಲ ಎಪಿಸೋಡ್‌ನಲ್ಲೇ ತೋರಿಸಿದ್ದರು. ಅದು ಎಲ್ಲ ಮುಗಿದ ಮೇಲಿನ ಕಥೆ. ಹಿಂದಕ್ಕೆ ಹೋಗಿ ನೋಡಿದಾಗ ಅವನ ಮುಖದ ಆ ಸಿಟ್ಟು ಬೇರೆಯೇ ಆಗಿ ಕಾಣುತ್ತದೆ. ಮಾಂಗಾ ಓದುವವರು ನಡುವಿನಿಂದ ಹಿಡಿಯದೆ ಮೊದಲ ಸಂಪುಟದಿಂದಲೇ ಓದಿ, ಅನಿಮೆಯಲ್ಲಿ ಕೈಬಿಟ್ಟ ಪಾತ್ರಗಳಿವೆ. ಮಾಂಗಾ ಬರೆದ ಕೆಂಟಾರೊ ಮಿಯೂರಾ 2021ರ ಮೇ ತಿಂಗಳಲ್ಲಿ ತೀರಿಕೊಂಡರು. ಅವರಿಂದ ಕಥೆ ಕೇಳಿ ತಿಳಿದಿದ್ದ ಗೆಳೆಯ ಕೋಜಿ ಮೋರಿ ಅವರ ಮೇಲ್ವಿಚಾರಣೆಯಲ್ಲಿ, ಮಿಯೂರಾ ಅವರ ಸಹಾಯಕರ ತಂಡ 2022ರಿಂದ ಅದನ್ನು ಮುಂದುವರಿಸಿದೆ.

'ಪ್ರಾಮಿಸ್ಡ್ ನೆವರ್‌ಲ್ಯಾಂಡ್' 2019ರ ಮೊದಲ ಸೀಸನ್ 12 ಎಪಿಸೋಡ್, ಒಂದು ಕ್ಷಣವೂ ಸಡಿಲವಿಲ್ಲ. 2021ರ ಎರಡನೆಯ ಸೀಸನ್ 11 ಎಪಿಸೋಡ್‌ಗಳಲ್ಲಿ ಉಳಿದ ಇಡೀ ಮಾಂಗಾವನ್ನು ತುರುಕಲು ಹೋಯಿತು. ದೊಡ್ಡ ಕಥಾಭಾಗವೊಂದನ್ನು ಪೂರ್ತಿ ಬಿಟ್ಟಿತು. ಕೊನೆಗೆ ನಡೆದದ್ದನ್ನೆಲ್ಲ ನಿಂತ ಚಿತ್ರಗಳಲ್ಲಿ, ಮದುವೆ ಮನೆಯ ಫೋಟೋ ಆಲ್ಬಮ್ ತಿರುವಿ ಹಾಕಿದ ಹಾಗೆ, ಕೆಲವೇ ನಿಮಿಷದಲ್ಲಿ ತೋರಿಸಿ ಕೈ ತೊಳೆದುಕೊಂಡಿತು. ನೋಡಿ ಸಿಟ್ಟೂ ಬರಲಿಲ್ಲ, ನಗು ಬಂತು. ಎರಡನೆಯ ಸೀಸನ್‌ಗೆ ಇಡುವ ನಾಲ್ಕು ಗಂಟೆಯನ್ನು ಮಾಂಗಾಗೆ ಕೊಡಿ. ಮೊದಲ ಸೀಸನ್ ನಿಲ್ಲುವ ಜಾಗ 5ನೇ ಸಂಪುಟದ ಶುರುವಿನಲ್ಲಿದೆ, ಅಲ್ಲಿಂದ ಹಿಡಿದರೆ 20ನೆಯದಕ್ಕೆ ಕಥೆ ಮುಗಿಯುತ್ತದೆ.